ಗೆಂಡೆ ಮೀನಿಗೆ ನೀರು ಹಾಕಿದ್ದು

ಮೀನಿಗೆ ಕಾಯಿಲೆ ಬಂದರೆ ಮೊದಲು ಕೆಡುವುದು ಮನುಷ್ಯರ ತಲೆ. ಮೀನುಗಾರಿಕೆ ಇಲಾಖೆಯಲ್ಲಿ ಇದ್ದಷ್ಟು ದಿನವೂ ನಾನು ಕಂಡದ್ದು ಇದೇ. ಎಪ್ಪತ್ತರ ದಶಕದಲ್ಲಿ ಮದ್ದೂರಿನ ಹತ್ತಿರದ ಒಂದು ಕೆರೆ ನನ್ನ ಹೊಣೆಯಲ್ಲಿತ್ತು. ಅಲ್ಲಿ ಗೆಂಡೆ ಮರಿ ಬಿಟ್ಟು ಬೆಳೆಸಿದ್ದೆ.

೧

ಚಳಿಗಾಲ. ಗಾಳ ಹಾಕುವವನೊಬ್ಬ ದಪ್ಪ ಗೆಂಡೆ ಎಳೆದ. ಮೈಮೇಲೆಲ್ಲ ಮೇಣದ ಹನಿ ಬಿದ್ದಂತೆ ಬಿಳಿ ಗಂಟು. ಮೀನನ್ನು ಮೆಲ್ಲಗೆ ನೀರಿಗೆ ಬಿಟ್ಟು ಕೈ ಮುಗಿದ.

"ಸಾ, ಮೀನ್ಗೆ ಅಮ್ಮ ಆಗೈತೆ!"

"ಅಮ್ಮ ಅಲ್ಲ ಕಣೋ. ವೈರಸ್ಸು. ಮನುಷ್ಯರಿಗೆ ಬರಲ್ಲ."

ಅವನು ಯೋಚಿಸಿದ. "ವೈರಸ್ಸು ಯಾವೂರ ದ್ಯಾವ್ರು ಸಾ?"

೨

ಸುದ್ದಿ ಮಂಡ್ಯದ ಆಫೀಸಿಗೆ ಮುಟ್ಟಿತು. ಸಾಹೇಬರು ಜೀಪಿನಲ್ಲಿ ಬಂದರು. ಏರಿಯ ಮೇಲೇ ನಿಂತು, ಮೂಗಿಗೆ ಕರ್ಚೀಫು ಹಿಡಿದು ಹೇಳಿದರು:

"ತೂಬು ಎತ್ರಿ. ಕೆರೆ ಖಾಲಿ ಮಾಡಿ, ಎಲ್ಲಾ ಮೀನು ಹೂಳಿಸ್ರಿ."

"ಯುಗಾದಿ ತನಕ ಬಿಡಿ ಸಾರ್. ಬಿಸಿಲು ಬಂದರೆ ಗಂಟು ಹೋಗುತ್ತೆ."

"ಹೋಗದಿದ್ದರೆ?"

"ನಾನು ಹೋಗ್ತೀನಿ."

ಒಪ್ಪಿದರು. ಮೀನು ಮುಟ್ಟದಿದ್ದರೂ ಸೋಪು ಹಾಕಿ ಕೈ ತೊಳೆದರು. ಡ್ರೈವರ್‌ಗೂ ತೊಳೆಸಿದರು. ಅವನು ಜೀಪಿನಿಂದ ಇಳಿದೇ ಇರಲಿಲ್ಲ.

೩

ಗಂಟಿನ ಮೀನನ್ನು ಬೇರೆ ಗುಂಡಿಗೆ ಹಾಕೋಣ ಎಂದರೆ ಊರಲ್ಲಿ ಯಾರೂ ಮುಟ್ಟಲಿಲ್ಲ. ಹೆಂಗಸರು ತೂಬಿಗೆ ಬೇವಿನ ಸೊಪ್ಪು ಕಟ್ಟಿದರು. ನಾನೇ ಎದೆಮಟ್ಟ ನೀರಿಗಿಳಿದೆ. ಆವತ್ತಿನಿಂದ, ನನಗೆ ಊಟ ಹಾಕುತ್ತಿದ್ದ ಅಜ್ಜಿ ಸಾರಿಗೆ ಒಗ್ಗರಣೆ ನಿಲ್ಲಿಸಿದಳು.

"ಕೆರೆಗೂ ನನ್ನ ಸಾರಿಗೂ ಏನಜ್ಜಿ?"

"ಮರಿ ಬುಟ್ಟೋನು ನೀನಲ್ವಾ? ಅವ್ಕೆ ನೀನೇ ಅಪ್ಪ. ಮಕ್ಳಿಗೆ ಅಮ್ಮ ಆಗಿರೋವಾಗ ಅಪ್ಪ ಒಗ್ಗರಣೆ ತಿಂದಾನಾ?"

ಯುಗಾದಿ ತನಕ ಸಪ್ಪೆ ತಿಂದೆ. ಕೆರೆ ಬಿಡಲಿಲ್ಲ.

೪

ಬಿಸಿಲು ಬಂತು. ನೀರು ಕಾಯಿತು. ಗುಂಡಿಯ ಮೀನಿನ ಗಂಟು ಒಂದೊಂದಾಗಿ ಉದುರಿತು. ಅವನ್ನೂ ಕೆರೆಗೆ ಬಿಟ್ಟೆ. ಸಾಹೇಬರು ನೋಡಲು ಬರುವ ದಿನ ಬಲೆ ಎಳೆಯುವವರನ್ನು ಕರೆಸಿದೆ. ಎಲ್ಲರ ಮುಂದೆ ಅದೇ ಗಾಳದವನು, ಕೈ ಕಟ್ಟಿ ನಿಂತಿದ್ದ.

"ಅಮ್ಮ ಇಳ್ದೈತೆ ಸಾ. ಆದ್ರೆ ನೀರು ಆಕ್ದೆ ಮುಟ್ಟಂಗಿಲ್ಲ."

"ಲೇ, ಅವು ನೀರಲ್ಲೇ ಇವೆಯಲ್ಲೋ!"

"ಅದು ತಣ್ಣೀರು ಸಾ."

ಜೀಪು ಬರುವ ಹೊತ್ತಾಗಿತ್ತು. ವಾದ ಮಾಡಲಿಲ್ಲ. ಅಜ್ಜಿ ಬೇವು, ಅರಿಶಿನ ಹಾಕಿ ಒಂದು ಹಂಡೆ ನೀರು ಕಾಯಿಸಿದಳು. ಮೊಣಕಾಲುದ್ದ ನೀರಲ್ಲಿ ನಿಂತು ಚೊಂಬಿನಲ್ಲಿ ಕೆರೆಗೆ ಹುಯ್ಯತೊಡಗಿದೆ. ಹಿಂದೆ ಜೀಪು ನಿಂತಿತು.

"ಏನ್ರೀ ಮಾಡ್ತಿದ್ದೀರಿ?"

"ನೀರು ಹಾಕ್ತಿದ್ದೀನಿ ಸಾರ್."

"ಕೆರೆಗಾ?"

"ಮೀನಿಗೆ."

ಹಂಡೆ ಖಾಲಿಯಾದ ಮೇಲೆ ಬಲೆ ಬಿತ್ತು. ಬಂದ ಗೆಂಡೆಗಳ ಮೈ ಕನ್ನಡಿ. ಸಾಹೇಬರು ಒಂದನ್ನು ತಿರುವಿ ಮುರುವಿ ನೋಡಿದರು. ಒಂದು ಗಂಟೂ ಇಲ್ಲ.

"ತೂಬು ಎತ್ತೋದು ಬೇಡ," ಎಂದರು.

ಆಮೇಲೆ ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ನೀರು ಎಲ್ಲಾ ಮೀನಿನ ತಲೆಗೂ ಬಿತ್ತೇನ್ರೀ?"