ಪೊರ್ಬುಗಳ ಬಾವಿಯೂ ನನ್ನ ಕಂಪ್ಯೂಟರೂ

ಒಂದು ಮನೆ ಕಟ್ಟಲು ಎಷ್ಟಾಗುತ್ತದೆ ಎಂದು ಹೇಳುವುದರಲ್ಲಿ ನಾನು ಎಂದೂ ತಪ್ಪಿದವನಲ್ಲ. ಇದು ಜಂಬದ ಮಾತಲ್ಲ. ಕಾಪುವಿನಿಂದ ಕಲ್ಯಾಣಪುರದವರೆಗೆ ಯಾರನ್ನು ಬೇಕಾದರೂ ಕೇಳಿ ನೋಡಿ. ಜಾಗದ ನಡುವೆ ನಿಲ್ಲುವುದು, ನಾಲ್ಕೂ ದಿಕ್ಕು ನೋಡುವುದು, ಮನೆಯವರು ಕೊಟ್ಟ ಎಳನೀರು ಕುಡಿಯುವುದು, ಬಾಯಿ ಒರೆಸಿಕೊಂಡು ಒಂದು ಮೊತ್ತ ಹೇಳುವುದು. ಇಷ್ಟೇ ನನ್ನ ವಿದ್ಯೆ. ಮನೆ ಮುಗಿದಾಗ ಖರ್ಚು ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಹೀಗೆ ಸುಖವಾಗಿದ್ದ ಮನುಷ್ಯನೊಬ್ಬ ಎಂಬತ್ತರ ದಶಕದ ಕೊನೆಯಲ್ಲಿ ಕಂಪ್ಯೂಟರ್ ತಂದ. ಆ ಮನುಷ್ಯ ನಾನೇ.

ಇದಕ್ಕೆಲ್ಲ ಮೂಲ ಕಾರಣ ನಾಗೇಶ. ಅವನೂ ಕಾಪುವಿನ ಕಂಟ್ರಾಕ್ಟರ್. ಅವನ ಮನೆಗಳು ನನ್ನ ಮನೆಗಳಿಗಿಂತ ಗಟ್ಟಿ ಎಂದು ಯಾರೂ ಹೇಳಿರಲಿಲ್ಲ. ಆದರೆ ಅವನು ಇದ್ದಕ್ಕಿದ್ದಂತೆ ಎಸ್ಟಿಮೇಟನ್ನು ಉಡುಪಿಯಲ್ಲಿ ಟೈಪ್ ಮಾಡಿಸಿ, ನೀಲಿ ಫೈಲಿನಲ್ಲಿಟ್ಟು ಕೊಡತೊಡಗಿದ. ಜನ ಫೈಲು ನೋಡಿ ಮರುಳಾದರು. ಮನೆ ಬಿರುಕು ಬಿಟ್ಟರೂ ಫೈಲು ಬಿರುಕು ಬಿಡುವುದಿಲ್ಲ ಎಂಬ ಸಮಾಧಾನವೋ ಏನೋ.

ಅದೇ ಹೊತ್ತಿಗೆ ಕಲ್ಯಾಣಪುರದ ಫೆಲಿಕ್ಸರು ಗಲ್ಫಿನಿಂದ ರಜೆಯಲ್ಲಿ ಬಂದರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತೇವೆ. ಈ ಪೊರ್ಬುಗಳಿಗೆ ಒಬ್ಬಳೇ ಮಗಳು.

"ನೋಡಿ ಕಂಟ್ರಾಕ್ಟ್ರೇ, ಬರುವ ವರ್ಷ ಮಗಳ ಮದುವೆ. ಅದಕ್ಕೆ ಮೊದಲು ಹೊಸ ಮನೆ ಆಗ್ಬೇಕು. ನೀವೂ ಎಸ್ಟಿಮೇಟ್ ಕೊಡಿ, ನಾಗೇಶರೂ ಕೊಡಲಿ. ರಜೆ ಮುಗಿಯುವುದರೊಳಗೆ ಒಬ್ಬರಿಗೆ ಒಪ್ಪಿಸಿ ಹೋಗ್ತೇನೆ" ಎಂದರು.

ಅದು ಆ ವರ್ಷ ನಮ್ಮ ಕಡೆ ಏಳಲಿದ್ದ ಅತಿ ದೊಡ್ಡ ಮನೆ. ಅದು ನಾಗೇಶನ ಕೈಗೆ ಹೋದರೆ ನಾನು ಕೋಳಿಗೂಡು ಕಟ್ಟಿಕೊಂಡಿರಬೇಕಾಗುತ್ತಿತ್ತು. ನನಗೆ ಆ ಮನೆ ಬೇಕೇ ಬೇಕಾಗಿತ್ತು. ಅಂದೇ ಊಟಕ್ಕೆ ಕೂತಾಗ ಹೆಂಡತಿ ಸುಮತಿಗೆ ನನ್ನ ತೀರ್ಮಾನವನ್ನು ತಿಳಿಸಿದೆ. "ಅವನಿಗೆ ಟೈಪು. ನನಗೆ ಕಂಪ್ಯೂಟರು."

ಸುಮತಿ ಮೀನಿನ ಮುಳ್ಳು ಬಿಡಿಸುತ್ತಾ, "ನಿಮಗೆ ಬಾಯಿ ಉಂಟಲ್ಲ? ಇಷ್ಟು ವರ್ಷ ಅದೇ ಸಾಕಾಗಿತ್ತು" ಎಂದಳು.

ವಿಜ್ಞಾನದ ಮುನ್ನಡೆಗೆ ಮನೆಯೊಳಗಿನಿಂದಲೇ ಅಡ್ಡಿ ಬರುತ್ತದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಮರುದಿನವೇ ಮಣಿಪಾಲದ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಟೈ ಕಟ್ಟಿದ ಮಹಾಶಯರೊಬ್ಬರು ಸಾಲಾಗಿ ಇಟ್ಟಿದ್ದ ಯಂತ್ರಗಳನ್ನು ತೋರಿಸಿ ಏನೇನೋ ಹೇಳಿದರು. ಮೆಮೊರಿ ಎಂದರು, ಸ್ಪೀಡ್ ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಆದರೆ ಮಾಲು ಆರಿಸುವಾಗ ಇನ್ನೊಬ್ಬರ ಮಾತು ಕೇಳುವ ಅಭ್ಯಾಸ ನನಗಿಲ್ಲ. ಹಂಚು ಒಳ್ಳೆಯದೋ ಅಲ್ಲವೋ ಎಂದು ನೋಡಲು ಬೆರಳಿನ ಗೆಣ್ಣಿನಿಂದ ಬಡಿಯಬೇಕು. ಠಣ್ ಎಂದರೆ ಚೆನ್ನಾಗಿ ಬೆಂದಿದೆ ಎಂದು ಅರ್ಥ, ಡಬ್ ಎಂದರೆ ಒಳಗೆ ಬಿರುಕು. ನಾನು ಸಾಲಿನುದ್ದಕ್ಕೂ ಒಂದೊಂದೇ ಕಂಪ್ಯೂಟರನ್ನು ಬಡಿಯುತ್ತಾ ಹೋದೆ. ಎಲ್ಲವೂ ಡಬ್ ಡಬ್ ಎಂದವು. ಕೊನೆಯದು ಮಾತ್ರ ಠಣ್ ಎಂದಿತು.

"ಇದನ್ನೇ ಕೊಡಿ" ಎಂದೆ.

"ಸಾರ್, ಅದು ಖಾಲಿ ಡಬ್ಬ. ಶೋಗೆ ಇಟ್ಟದ್ದು" ಎಂದರು ಮಹಾಶಯರು.

ಆಮೇಲೆ ಅವರು ಕೊಟ್ಟದ್ದನ್ನೇ ತೆಗೆದುಕೊಂಡೆ. ಯಂತ್ರ ಮಾತ್ರ ಸಾಲದು, ಎಸ್ಟಿಮೇಟ್ ಹಾಕಲು ಸಾಫ್ಟ್‌ವೇರ್ ಎಂಬುದು ಬೇರೆ ಬೇಕು ಎಂದರು. ಅದು ಹಪ್ಪಳಕ್ಕಿಂತ ತುಸು ದಪ್ಪದ ಒಂದು ಕಪ್ಪು ಚೌಕದೊಳಗೆ ಇರುತ್ತದಂತೆ. ಅದರಲ್ಲೂ ಎರಡು ಬಗೆ. ಒಂದು ಬರೀ ಕೂಡಿಸಿ ಕಳೆಯುವಂಥದ್ದು. ನಾವು ಹೇಳಿದ್ದನ್ನು ಮಾತ್ರ ಕೂಡಿಸುತ್ತದೆ, ಸ್ವಂತ ಬುದ್ಧಿ ಇಲ್ಲ. ಇನ್ನೊಂದು ಬೊಂಬಾಯಿಯದು. ಅಲ್ಲಿನ ಇಪ್ಪತ್ತು ಮಹಡಿಯ ಕಟ್ಟಡಗಳಿಗೆಂದೇ ಮಾಡಿದ್ದು.

"ನಿಮ್ಮ ಕೆಲಸಕ್ಕೆ ಮೊದಲನೆಯದು ಸಾಕು ಸಾರ್" ಎಂದರು.

ಆ 'ಸಾಕು' ಎಂಬ ಮಾತು ನನ್ನನ್ನು ಕೆಣಕಿತು. ಇಪ್ಪತ್ತು ಮಹಡಿಯ ಲೆಕ್ಕ ಹಾಕುವ ವಸ್ತುವಿಗೆ ಒಂದು ಮಹಡಿ ಯಾವ ಮಹಾ? ಬೊಂಬಾಯಿಯದನ್ನೇ ಕಟ್ಟಿಸಿಕೊಂಡೆ.

ಕಂಪ್ಯೂಟರಿಗೆ ಸೆಕೆ ಆಗುವುದಿಲ್ಲವಂತೆ, ಧೂಳು ಆಗುವುದಿಲ್ಲವಂತೆ, ಎ.ಸಿ. ಇಲ್ಲದಿದ್ದರೆ ಕೆಟ್ಟುಹೋಗುತ್ತದಂತೆ. ಕಾಪುವಿನ ಮೇ ತಿಂಗಳಿನಲ್ಲಿ ನನಗೂ ಹಾಗೆಯೇ ಆಗುತ್ತಿತ್ತು, ಆದರೆ ನನಗಾಗಿ ಯಾರೂ ಎ.ಸಿ. ಹಾಕಿಸಿರಲಿಲ್ಲ. ರಸ್ತೆ ಬದಿಯ ನಮ್ಮ ಚಾವಡಿ ಕೋಣೆಯ ಕಿಟಕಿಗಳನ್ನು ಗಾಜಿನಿಂದ ಮುಚ್ಚಿಸಿ ಎ.ಸಿ. ಹಾಕಿಸಿದೆ. ಚಪ್ಪಲಿ ಹೊರಗೆ ಬಿಡಬೇಕೆಂದು ನಿಯಮ ಮಾಡಿದೆ. ಹೊರಗೆ ಒಂದು ಬೋರ್ಡು ಬರೆಸಿದೆ: 'ಇಲ್ಲಿ ಕಂಪ್ಯೂಟರ್ ಎಸ್ಟಿಮೇಟ್ ಕೊಡಲಾಗುವುದು. ಯಂತ್ರಕ್ಕೆ ತಪ್ಪು ಗೊತ್ತಿಲ್ಲ.' ಆ ಕೊನೆಯ ಸಾಲು ನನ್ನದೇ ಸೃಷ್ಟಿ. ಬರೆಸಿದ ದಿನ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಓದಿದೆ. ಬಹಳ ಚೆನ್ನಾಗಿತ್ತು.

ಮಧ್ಯಾಹ್ನವಾದರೆ ಅಕ್ಕಪಕ್ಕದವರು ಕಂಪ್ಯೂಟರ್ ನೋಡಲು ಬರತೊಡಗಿದರು. ಬರುವಾಗ ಚಾಪೆಯನ್ನೂ ತರುತ್ತಿದ್ದರು. ಯಂತ್ರದ ಕಡೆಗೆ ಒಮ್ಮೆ ಭಕ್ತಿಯಿಂದ ನೋಡಿ ಮಲಗಿಬಿಡುತ್ತಿದ್ದರು.

ಸುಮತಿಯ ತವರು ಶಂಕರಪುರ. ಅಲ್ಲಿ ಅವಳ ಅಕ್ಕನಿಗೆ ಮಲ್ಲಿಗೆ ತೋಟ ಉಂಟು. ಸೆಕೆಗೆ ಕಟ್ಟಿದ ಹೂವು ಬಾಡುತ್ತದೆ ಎಂದು ಅಕ್ಕ ಯಾವಾಗಲೂ ಕೊರಗುತ್ತಿದ್ದಳು. ಒಂದು ದಿನ ನೋಡುತ್ತೇನೆ, ಕಂಪ್ಯೂಟರಿನ ಎರಡೂ ಬದಿಗೆ ಒದ್ದೆ ಬಟ್ಟೆ ಹಾಸಿ, ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆಯನ್ನು ಸಾಲಾಗಿ ಇಟ್ಟಿದ್ದಾರೆ. ಕೋಣೆ ಮದುವೆ ಮನೆಯಂತೆ ಘಮಘಮಿಸುತ್ತಿದೆ.

"ಎಂತ ಇದು? ಇದು ಆಫೀಸು" ಎಂದು ರೇಗಿದೆ.

"ನಿಮ್ಮ ಯಂತ್ರಕ್ಕೂ ತಂಪು ಬೇಕು, ಹೂವಿಗೂ ತಂಪು ಬೇಕು. ಅವು ಜಗಳ ಮಾಡಿಕೊಳ್ಳುವುದಿಲ್ಲ. ನೀವೂ ಮಾಡಬೇಡಿ ಮಾರಾಯ್ರೆ" ಎಂದಳು ಸುಮತಿ.

ಪೊರ್ಬುಗಳು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ, ಮನೆಯವರೊಂದಿಗೆ ಎಸ್ಟಿಮೇಟ್ ನೋಡಲು ಬರುತ್ತೇನೆ ಎಂದು ಹೇಳಿ ಕಳಿಸಿದರು. ಶನಿವಾರ ನಾನು ಸ್ನಾನ ಮಾಡಿ, ಯಂತ್ರದ ಮುಂದೆ ಕೂತೆ. ಅದು ಇಂಗ್ಲಿಷಿನಲ್ಲಿ ಒಂದೊಂದೇ ಪ್ರಶ್ನೆ ಕೇಳುವುದು, ನಾನು ಆರಿಸಿ ಉತ್ತರ ಕೊಡುವುದು. ಶಾಲೆಯಲ್ಲಿ ನಾನು ಇಷ್ಟು ಬೇಗ ಉತ್ತರ ಕೊಟ್ಟದ್ದಿಲ್ಲ.

ಅಳತೆ ಅಡಿಯಲ್ಲೋ ಮೀಟರಿನಲ್ಲೋ ಎಂದು ಕೇಳಿತು. ಎರಡೂ ಅಲ್ಲ. ನಮ್ಮ ಕಡೆ ಮನೆಯ ಅಳತೆ ಕೋಲಿನಲ್ಲಿ. ಆಚಾರಿ ಬಂದು ಶುಭ ಅಶುಭ ನೋಡಿ ಮನೆಯ ಸುತ್ತಳತೆಯನ್ನು ಕೋಲಿನಲ್ಲಿ ಕೂಡಿಸಿ ಕೊಡುತ್ತಾನೆ. ಪೊರ್ಬುಗಳೂ ಆಚಾರಿಯನ್ನು ಕರೆಸಿದ್ದರು. "ಪಾದ್ರಿಯವರಿಗೆ ಹೇಳುವುದು ಬೇಡ" ಎಂದಷ್ಟೇ ನನ್ನ ಕಿವಿಯಲ್ಲಿ ಹೇಳಿದ್ದರು. ಒಂದು ಕೋಲೆಂದರೆ ಹೆಚ್ಚು ಕಡಿಮೆ ಎರಡೂವರೆ ಅಡಿ. ಎಲ್ಲವನ್ನೂ ಗುಣಿಸುತ್ತಾ ಕೂತರೆ ಕಂಪ್ಯೂಟರ್ ತಂದು ಏನು ಸುಖ? ಕೋಲು ಅಡಿಗಿಂತ ಬಹಳ ಉದ್ದ, ಮೀಟರಿಗೆ ಹತ್ತಿರ. ಮೀಟರ್ ಎಂದು ಒತ್ತಿದೆ. ಸ್ವಲ್ಪ ವ್ಯತ್ಯಾಸವನ್ನು ಯಂತ್ರ ಸರಿ ಮಾಡಿಕೊಳ್ಳುತ್ತದೆ, ಅದಕ್ಕೆ ತಪ್ಪು ಗೊತ್ತಿಲ್ಲವಲ್ಲ!

ಗೋಡೆ ಯಾವುದರದ್ದು ಎಂದು ಕೇಳಿತು. ನಮ್ಮ ಕಡೆ ಗೋಡೆಗೆ ಇಡುವ ಕೆಂಪುಕಲ್ಲು ಬೊಂಬಾಯಿಯವರಿಗೆ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಇಟ್ಟಿಗೆ ಇತ್ತು, ಗ್ರಾನೈಟ್ ಇತ್ತು. ಇಟ್ಟಿಗೆ ಮಣ್ಣಿನದು, ಗ್ರಾನೈಟ್ ಕಲ್ಲು. ಕಲ್ಲಿಗೆ ಕಲ್ಲೇ ಸರಿ. ಕಾರ್ಕಳದಲ್ಲಿ ಎಲ್ಲಿ ನೋಡಿದರೂ ಅದೇ ಬಿದ್ದುಕೊಂಡಿದೆ, ಅದಕ್ಕೇನು ಮಹಾ ಖರ್ಚು ಎಂದುಕೊಂಡು ಒತ್ತಿದೆ.

ದನದ ಹಟ್ಟಿ ಪಟ್ಟಿಯಲ್ಲೇ ಇರಲಿಲ್ಲ. ಕಾರು ನಿಲ್ಲಿಸುವ ಜಾಗ ಇತ್ತು. ದನವೂ ನಿಲ್ಲುತ್ತದೆ, ಕಾರೂ ನಿಲ್ಲುತ್ತದೆ. ಪೊರ್ಬುಗಳ ಮೂರು ದನಕ್ಕೆ ಮೂರು ಎಂದು ಕೊಟ್ಟೆ.

ಕೊನೆಗೆ ಬಾವಿ. ಬಾವಿ ಇಲ್ಲದ ಮನೆಯನ್ನು ನಮ್ಮ ಊರಿನವರು ಮನೆ ಎನ್ನುವುದಿಲ್ಲ. ಇಡೀ ಪಟ್ಟಿ ಹುಡುಕಿದೆ. ನೀರು ತುಂಬುವಂಥದ್ದು ಅಂತ ಇದ್ದದ್ದು ಒಂದೇ, ಈಜುಕೊಳ. ಆಳ ಎಷ್ಟು ಎಂದು ಕೇಳಿತು. ಪೊರ್ಬುಗಳ ಜಾಗದಲ್ಲಿ ಒಂಬತ್ತು ಕೋಲಿಗೆ ನೀರು. ಒಂಬತ್ತು ಎಂದು ಒತ್ತಿದೆ. ಯಂತ್ರದ ಒಳಗೆ ಏನೋ ಗರ್ ಗರ್ ಎಂದಿತು. ಪಾಪ, ಒಂಬತ್ತು ಮೀಟರ್ ಆಳದಲ್ಲಿ ಯಾರು ಈಜುತ್ತಾರೆ ಎಂದು ಅದು ಯೋಚಿಸಿರಬೇಕು. ಆಮೇಲೆ ಒಪ್ಪಿಕೊಂಡಿತು.

ಮೊತ್ತ ಎಷ್ಟೆಂದು ನಾನು ನೋಡಲಿಲ್ಲ. ಪೊರ್ಬುಗಳ ಕಣ್ಣೆದುರಿಗೇ ಅಚ್ಚಾಗಿ ಬರಲಿ, ಅವರು ದಂಗಾಗಲಿ ಎಂಬುದು ನನ್ನ ಯೋಜನೆ. ಆ ಯೋಜನೆ ಪೂರ್ತಿ ಫಲಿಸಿತು.

ಭಾನುವಾರ ಪೊರ್ಬುಗಳು, ಅವರ ಹೆಂಡತಿ ಜೂಲಿಯಾನಾ ಬಾಯಿ, ಪೊರ್ಬುಗಳ ವಯಸ್ಸಾದ ತಾಯಿ, ಮೂವರೂ ಬಂದು ಚಪ್ಪಲಿ ಕಳಚಿ ಒಳಗೆ ಕೂತರು. ತಾಯಿಯವರು ಸೆರಗು ಹೊದ್ದುಕೊಂಡು "ಇದೆಂತ, ಐಸಿನ ಕಾರ್ಖಾನೆಯಾ?" ಎಂದರು. ನಾನು ಮುಗುಳ್ನಕ್ಕು ಗುಂಡಿ ಒತ್ತಿದೆ. ಪ್ರಿಂಟರು ಕರ್ ಕರ್ ಎಂದು ಕಾಗದವನ್ನು ಕಾರತೊಡಗಿತು. ಬೇರೆಯಾಗದೆ ಒಂದೇ ಸಮನೆ ಬರುವ ಕಾಗದ. ಮೇಜಿನಿಂದ ಇಳಿಯಿತು, ನೆಲದಲ್ಲಿ ಹರಿಯಿತು, ಬಾಗಿಲ ಬಳಿ ಮಡಿಚಿಕೊಂಡು ಬಿತ್ತು.

"ನೋಡಿ ಪೊರ್ಬುಗಳೇ, ಒಂದು ಮೊಳೆಯನ್ನೂ ಬಿಡುವುದಿಲ್ಲ" ಎಂದೆ.

ಜೂಲಿಯಾನಾ ಬಾಯಿ ಕನ್ನಡಕ ಹಾಕಿಕೊಂಡು ಕಾಗದ ಎತ್ತಿದರು. ಓದುತ್ತಾ ಓದುತ್ತಾ ಅವರ ಹುಬ್ಬು ಮೇಲಕ್ಕೆ ಹೋಯಿತು.

"ಗೋಡೆಗೆಲ್ಲ ಪಾಲಿಷ್ ಮಾಡಿದ ಗ್ರಾನೈಟ್ ಅಂತ ಉಂಟಲ್ಲ?"

ಕಲ್ಲಿನ ಪ್ರಮಾಣ ನೋಡಿದೆ. ಕಾರ್ಕಳದ ಗೊಮ್ಮಟನಿಗೆ ಒಬ್ಬ ತಮ್ಮನನ್ನು ಕೆತ್ತಿ ನಿಲ್ಲಿಸಿ, ಉಳಿದದ್ದರಲ್ಲಿ ಮೆಟ್ಟಿಲು ಮಾಡಬಹುದಿತ್ತು.

"ಮೂರು ಕಾರಿಗೆ ಶೆಡ್ ಉಂಟು" ಎಂದರು ಜೂಲಿಯಾನಾ ಬಾಯಿ. "ನಮ್ಮದು ಸ್ಕೂಟರ್ ಅಲ್ವಾ?"

"ಅದು ದನಗಳಿಗೆ" ಎಂದೆ.

"ದನಗಳಿಗೆ ತಾನಾಗಿ ಏಳುವ ಬಾಗಿಲು ಬೇಕಾ?"

ತಾಯಿಯವರು ಮಗನ ಕಡೆ ತಿರುಗಿ, "ನಮ್ಮ ದನ ಬಾಗಿಲು ಮುರಿದು ಬರ್ತದೆ, ಹೇಳು ಅವರಿಗೆ" ಎಂದರು.

ಅಷ್ಟರಲ್ಲಿ ಪೊರ್ಬುಗಳ ಕೈಗೆ ಈಜುಕೊಳದ ಪುಟ ಸಿಕ್ಕಿತು. ಒಂಬತ್ತು ಮೀಟರ್ ಆಳ. ಒಳಗೆಲ್ಲ ನೀಲಿ ಟೈಲ್ಸ್. ಇಳಿಯಲು ಸ್ಟೀಲ್ ಏಣಿ. ಮೇಲಿನಿಂದ ಹಾರಲು ಹಲಗೆ. ನೀರಿನೊಳಗೆ ಬಣ್ಣದ ದೀಪ.

"ಇದು ಯಾರಿಗೆ ಕಂಟ್ರಾಕ್ಟ್ರೇ?" ಎಂದು ಬಹಳ ಮೆತ್ತಗೆ ಕೇಳಿದರು. "ಅಮ್ಮನಿಗಾ?"

"ಪೊರ್ಬುಗಳೇ, ಅದು ಬಾವಿ" ಎಂದೆ. ಎ.ಸಿ. ಕೋಣೆಯಲ್ಲೂ ಬೆವರು ಇಳಿಯುತ್ತಿತ್ತು.

ಕೊನೆಯ ಪುಟದಲ್ಲಿ ಮೊತ್ತ ಬಂತು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಪೊರ್ಬುಗಳು ಓದಿ, ಕಾಗದವನ್ನು ಮಡಚಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಕಣ್ಣೆದುರಿಗೇ ಮನೆ ಕೈಜಾರುತ್ತಿತ್ತು. "ಕಾಗದ ಬಿಡಿ ಪೊರ್ಬುಗಳೇ. ನಾನು ಬಾಯಲ್ಲಿ ಹೇಳ್ತೇನೆ. ನಿಮ್ಮ ಜಾಗ ನಾನು ನೋಡಿದ್ದೇನೆ, ಎಳನೀರೂ ಕುಡಿದಿದ್ದೇನೆ" ಎಂದು ಹಳೆಯ ಕ್ರಮದಲ್ಲಿ ಒಂದು ಮೊತ್ತ ಹೇಳಿದೆ. ಯಂತ್ರ ಹೇಳಿದ್ದರ ಕಾಲು ಭಾಗವೂ ಅಲ್ಲ.

ಪೊರ್ಬುಗಳು ಕಿಟಕಿಯ ಗಾಜಿನಾಚೆ ಕಾಣುತ್ತಿದ್ದ ಬೋರ್ಡಿನ ಕಡೆ ಕೈ ತೋರಿಸಿದರು. "ಯಂತ್ರಕ್ಕೆ ತಪ್ಪು ಗೊತ್ತಿಲ್ಲ ಅಂತ ನೀವೇ ಬರೆಸಿದ್ದೀರಿ. ಈಗ ಕಡಿಮೆ ಹೇಳ್ತೀರಿ. ನಾನು ಗಲ್ಫಿಗೆ ಹೋದ ಮೇಲೆ ಮೆಲ್ಲ ಮೆಲ್ಲ ಏರಿಸಿ ಯಂತ್ರದ ಲೆಕ್ಕಕ್ಕೇ ಬರ್ತೀರಿ, ಅಲ್ವಾ?"

ಪೊರ್ಬುಗಳು ಎದ್ದು ಚಪ್ಪಲಿ ಮೆಟ್ಟಿಕೊಂಡು, ನೇರವಾಗಿ ನಾಗೇಶನ ಮನೆಯ ಕಡೆ ನಡೆದರು. ನೀಲಿ ಫೈಲು ಗೆದ್ದಿತು.

ಹೊರಟ ಜೂಲಿಯಾನಾ ಬಾಯಿ ಮಾತ್ರ ಕಂಪ್ಯೂಟರಿನ ಬಳಿ ನಿಂತರು. ಬಾಳೆ ಎಲೆ ಬಿಡಿಸಿ ಮೂಸಿದರು. "ಇದು ಇವತ್ತಿನ ಮಲ್ಲಿಗೆಯಾ?"

"ನಿನ್ನೆಯದು ಬಾಯಮ್ಮ" ಎಂದಳು ಬಾಗಿಲಲ್ಲಿ ನಿಂತಿದ್ದ ಸುಮತಿ.

"ನಿನ್ನೆಯದಾ? ಈಗ ಕೊಯ್ದ ಹಾಗೆ ಉಂಟಲ್ಲ. ಮಗಳ ಮದುವೆಗೆ ಹೂವು ನೀವೇ ಕೊಡಿ."

ಅವರು ಹೋದ ಮೇಲೆ ನಾನು ಹೂವಿನ ಮೇಲೆ ಹರಿಹಾಯ್ದೆ. "ಇದರ ಒದ್ದೆಗೇ ಯಂತ್ರ ಕೆಟ್ಟದ್ದು."

"ಮಲ್ಲಿಗೆಯಾ ಬಾವಿಗೆ ಏಣಿ ಇಟ್ಟದ್ದು?" ಎಂದು ಕೇಳಿ ಸುಮತಿ ಅಡುಗೆ ಕೋಣೆಗೆ ಹೋದಳು.

ನನಗೆ ನಿಜವಾಗಿಯೂ ದುಃಖವಾಯಿತು. ಕೆಲವು ದಿನ ಕಲ್ಯಾಣಪುರದ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದೆ. ಕಂಪ್ಯೂಟರಿಗೆ ಸುಮತಿ ಹಳೆಯ ಸೀರೆಯ ಮುಸುಕು ಹಾಕಿದಳು. ಎ.ಸಿ. ಮಾತ್ರ ನಿಲ್ಲಲಿಲ್ಲ. ಅಕ್ಕನ ಹೂವಿನ ಜೊತೆಗೆ ಅಕ್ಕನ ನೆರೆಯವರ ಹೂವೂ ಬಂತು. ಬೋರ್ಡು ನೋಡಿ ಬರುವವರು ಬಾಗಿಲಲ್ಲೇ ನಿಂತು, "ಮದುವೆಗೆ ಎಷ್ಟು ಮಲ್ಲಿಗೆ ಬೇಕಾದೀತು, ಒಂದು ಎಸ್ಟಿಮೇಟ್ ಹೇಳಿ" ಎನ್ನುತ್ತಿದ್ದರು. ಸುಮತಿ ಹೆಣ್ಣಿನ ಕಡೆಯವರ ಮುಖವನ್ನೊಮ್ಮೆ ನೋಡಿ, ಬಾಯಲ್ಲೇ ಹೇಳುತ್ತಿದ್ದಳು. ಅವಳು ಒಮ್ಮೆಯೂ ತಪ್ಪಲಿಲ್ಲ.

ಮರುವರ್ಷ ಪೊರ್ಬುಗಳ ಮಗಳ ಮದುವೆ ಬಂತು. ಸುಮತಿ ಕೊಟ್ಟ ಮಲ್ಲಿಗೆಯ ಬುಟ್ಟಿ ಹಿಡಿದುಕೊಂಡು ನಾನೂ ಹೋದೆ. ಹೊಸ ಮನೆಯಲ್ಲಿ ತುಂಬ ಜನ. ಪೊರ್ಬುಗಳು ಖುಷಿಯಿಂದ ನೆಂಟರಿಗೆಲ್ಲ ಮನೆಗೆ ತಗಲಿದ ಖರ್ಚು ಹೇಳುತ್ತಿದ್ದರು. ನಾನು ಕಿವಿಗೊಟ್ಟು ಕೇಳಿದೆ. ಅಂದು ಎ.ಸಿ. ಕೋಣೆಯಲ್ಲಿ ನಾನು ಬಾಯಲ್ಲಿ ಹೇಳಿದ ಮೊತ್ತವೇ ಅದು, ಸ್ವಲ್ಪವೂ ಆಚೀಚೆ ಇಲ್ಲ.

ಅವರ ಮುಂದೆ ಹೋಗಿ ನಿಂತು ಇದನ್ನು ಹೇಳಲೇಬೇಕು ಎಂದು ಎರಡು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ತಾಯಿಯವರು ನನ್ನನ್ನು ಗುರುತು ಹಿಡಿದು ಒಳಗೆ ಕೂಗಿ ಹೇಳಿದರು: "ಕಂಪ್ಯೂಟರಿನ ಹೂವಿನವರು ಬಂದ್ರು. ಬುಟ್ಟಿ ಬಾವಿಕಟ್ಟೆಯಲ್ಲಿ ಇಡಲಿಕ್ಕೆ ಹೇಳಿ."

ಇಟ್ಟೆ. ಇಟ್ಟು, ಬಗ್ಗಿ ಒಳಗೆ ನೋಡಿದೆ. ಒಂಬತ್ತು ಕೋಲು ಕೆಳಗೆ ಒಳ್ಳೆಯ ನೀರು, ಅದರಲ್ಲಿ ನನ್ನದೇ ಮುಖ. ಬಣ್ಣದ ದೀಪ ಇರಲಿಲ್ಲ.