ರಕ್ತ ಕಮ್ಮಿಯಾದ ಬೈಂಡರ್

ದಿನವಿಡೀ ಪುಸ್ತಕಗಳ ಬೆನ್ನಿಗೆ ಸೂಜಿ ಚುಚ್ಚುವ ಬೈಂಡರನಿಗೆ ತನ್ನ ಮೈಗೆ ಸೂಜಿ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಅಂದು ಪ್ರೆಸ್ಸಿನಲ್ಲೇ ರಕ್ತದಾನ ಶಿಬಿರ. ಮ್ಯಾನೇಜರ್ ಎಲ್ಲರಿಗಿಂತ ಮೊದಲು ಮಂಚವೇರಿ, ಮದುಮಗನಂತೆ ನಗುತ್ತ ತೋಳು ಚಾಚಿದ್ದರು.

ಕಾಗದದ ರಾಶಿಯ ಹಿಂದೆ ಜಾರುತ್ತಿದ್ದ ಬೈಂಡರನ ಕುತ್ತಿಗೆಪಟ್ಟಿಗೆ ಮೆಷಿನ್ ನಡೆಸುವ ಧಡಿಯ ಕೈ ಹಾಕಿದ.

"ಎಲ್ಲಿಗ್ರೀ ಸವಾರಿ?"

"ನಂಗೆ... ರಕ್ತ ಕಮ್ಮಿ ಕಣಯ್ಯಾ. ಕೊಡಬಾರ್ದು ಅಂದಿದಾರೆ."

ಸುಳ್ಳು ಸಲೀಸಾಗಿ ಬಂತು. ಆದರೆ ಅದು ಹೋಗಿ ಬಿದ್ದದ್ದು ಟೈಪಿಂಗ್ ಅಕ್ಕನ ಕಿವಿಗೆ.

"ಅಯ್ಯೋ ದೇವ್ರೇ! ಹೇಳೋದಲ್ವೇನ್ರೀ? ಮುಖ ನೋಡಿ, ಹೆಂಗಾಗೋಗಿದೆ!"

"ಕೆಂಪಗೆ ಟೊಮೆಟೊ ಥರ ಇದೆಯಲ್ಲಕ್ಕಾ," ಎಂದ ಧಡಿಯ.

"ಇರೋ ರಕ್ತ ಎಲ್ಲಾ ಮುಖಕ್ಕೇ ಬಂದ್ಬಿಟ್ಟಿದೆ ಕಣೋ. ಒಳಗೆ ಖಾಲಿ!"

ಮಂಚದಿಂದಲೇ ಮ್ಯಾನೇಜರ್ ಅಪ್ಪಣೆ ಕೊಟ್ಟರು: "ನನ್ ಕಾರಲ್ಲಿ ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಈಗ್ಲೇ!"

ಬೈಂಡರ್ ಬೇಡವೆಂದಷ್ಟೂ ಎಲ್ಲರೂ, ಪಾಪ, ಸಂಕೋಚ ಎಂದರು. ಧಡಿಯ ಅವನನ್ನು ಕಾಗದದ ಕಟ್ಟಿನಂತೆ ಹೊತ್ತು ಕಾರಿಗೆ ತುಂಬಿದ. ಟೈಪಿಂಗ್ ಅಕ್ಕನೂ ಪಕ್ಕದಲ್ಲಿ ಹತ್ತಿ ಕೂತಳು. ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ಸೂಜಿ ಇಳಿದಾಗ ಅವನು ಕಿರುಚಿದ್ದಕ್ಕೆ ಪಕ್ಕದ ಕೋಣೆಯ ಮಗು ಅಳು ನಿಲ್ಲಿಸಿತು. ಆದರೆ ನಿಜವಾದ ಭಯ ಬೇರೆಯೇ ಇತ್ತು. ರಕ್ತ ಸರಿಯಾಗಿದೆ ಎಂದು ಗೊತ್ತಾದರೆ ಪ್ರೆಸ್ಸಿನಲ್ಲಿ ಮತ್ತೆ ತಲೆಯೆತ್ತುವುದು ಹೇಗೆ?

ಡಾಕ್ಟರು ಹುಬ್ಬು ಗಂಟಿಕ್ಕಿಕೊಂಡೇ ಬಂದರು.

"ರಕ್ತ ಕಮ್ಮಿ ಅಂತ ಯಾರ್ರೀ ಹೇಳಿದ್ದು?"

ಸಿಕ್ಕಿಬಿದ್ದೆ ಎಂದುಕೊಂಡ ಬೈಂಡರ್.

"ತಲೆನೋವು ಇದೆಯಾ? ಬಿಸಿನೀರು ಸ್ನಾನ ಆದ್ಮೇಲೆ ಮೈ ತುರಿಸುತ್ತಾ?"

ಬೈಂಡರ್ ಬೆಚ್ಚಿಬಿದ್ದ. ಎರಡೂ ನಿಜ! ತನ್ನ ಬಚ್ಚಲಮನೆಯ ಸಂಗತಿ ಇವರಿಗೆ ಹೇಗೆ ತಿಳಿಯಿತು?

"ನಿಮ್ ಮೂಳೆಮಜ್ಜೆ ಅಳತೆ ಮೀರಿ ಕೆಂಪುಕಣ ತಯಾರಿಸ್ತಿರೋ ಹಂಗಿದೆ. ರಕ್ತ ಅಂಟಿನ ಥರ ದಪ್ಪ ಆಗಿದೆ. ಎಲ್ಲಾದ್ರೂ ಹೆಪ್ಪುಗಟ್ಟಿದ್ರೆ ಪ್ರಾಣಕ್ಕೇ ಅಪಾಯ. ಖಚಿತ ಮಾಡ್ಕೊಳ್ಳೋಕೆ ಇನ್ನೂ ಪರೀಕ್ಷೆ ಬೇಕು. ಚಿಕಿತ್ಸೆ ಮಾತ್ರ ಇವತ್ತೇ ಶುರು."

"ಮಾ... ಮಾತ್ರೆನಾ ಸಾರ್?"

"ರಕ್ತ ತೆಗೀಬೇಕು. ಒಂದು ಚೀಲ."

ಶಿಬಿರದ್ದಕ್ಕಿಂತ ದಪ್ಪ ಸೂಜಿ ಎಂದೇ ಅವನಿಗನ್ನಿಸಿತು. ಕಣ್ಣುಮುಚ್ಚಿ, ಹಲ್ಲು ಕಚ್ಚಿ, ಹೇಗೋ ಮುಗಿಸಿದ. ಮ್ಯಾನೇಜರಿಗೆ ಸಮನಾದೆನಲ್ಲ ಎಂಬ ಸಣ್ಣ ಹೆಮ್ಮೆಯೂ ಮೂಡಿತು.

"ಯಾರಿಗೋ ಉಪಯೋಗ ಆಗುತ್ತಲ್ವಾ ಸಾರ್ ಇದು?"

"ಇಲ್ಲಪ್ಪ, ಬಿಸಾಕ್ತೀವಿ. ಮುಂದಿನ ವಾರ ಬನ್ನಿ, ಇನ್ನೊಂದು ಚೀಲ ತೆಗೆಯೋಣ. ಆಮೇಲೂ ಬರ್ತಾ ಇರ್ಬೇಕು."

"ಎಲ್ಲೀತನಕ ಸಾರ್?"

"ಜೀವ ಇರೋತನಕ ಅಂದ್ಕೊಳ್ಳಿ."

ಬೈಂಡರ್ ಎದ್ದು ನಿಂತ, ಬಾಯಿ ತೆರೆದ, ಹಾಗೆಯೇ ಧೊಪ್ಪೆಂದು ಬಿದ್ದ. ಸದ್ದು ಕೇಳಿ ಟೈಪಿಂಗ್ ಅಕ್ಕ ಒಳಗೆ ನುಗ್ಗಿ, ರವಿಕೆಯ ತೋಳು ಮೇಲೇರಿಸಿದಳು.

"ಬಡ್ಕೊಂಡೆ ನಾನು, ಇವ್ರಲ್ಲಿ ಒಂದು ತೊಟ್ಟೂ ರಕ್ತ ಇಲ್ಲ ಅಂತ! ಡಾಕ್ಟ್ರೇ, ನೋಡ್ತಾ ನಿಂತಿದೀರಲ್ಲ? ನಂದು ತೆಗ್ದು ಇವ್ರಿಗೆ ಹಾಕಿ!"