ಎರಡು ಡಿಸ್ಕು, ಎರಡು ಮನೆ

ಭಾವ: ಬ್ಯಾಟರಿ, ಗ್ಯಾರಂಟಿ ಎಲ್ಲ ಆಮೇಲೆ. ಎರಡು ಡಿಸ್ಕಲ್ಲಿ ಅಸಲಿ ಯಾವುದು, ಅದನ್ನ ಹೇಳಿ ಮೊದ್ಲು.

ಅಂಗಡಿಯವ: ಎರಡೂ ಅಸಲೀನೇ ಸ್ವಾಮಿ.

ಬಾಮೈದ: ಅದು ಹೇಗಾಗುತ್ತೆ? ಮಿರರಿಂಗ್ ಅಂದ್ರೆ ಕನ್ನಡಿ ಅಂದ್ರಿ. ಕನ್ನಡಿ ಅಂದ್ಮೇಲೆ ಹೊರಗೆ ಒಂದು ಮುಖ, ಒಳಗೆ ಕಾಣೋದು ಒಂದು.

ಭಾವ: ಹೊರಗಿನ ಮುಖ ಯಾರದು ಅಂತ ಅವನು ಕೇಳ್ತಿರೋದು.

ಅಂಗಡಿಯವ: ಯಾರ ಮುಖವೂ ಅಲ್ಲ. ನೀವು ಒಂದು ಫೋಟೋ ಹಾಕ್ತೀರ. ಈ ಕಾರ್ಡ್ ಅದನ್ನ ಎರಡು ಡಿಸ್ಕಿಗೂ ಒಟ್ಟಿಗೇ ಬರೆಯುತ್ತೆ. ಒಂದು ಕೆಟ್ರೂ ಇನ್ನೊಂದರಲ್ಲಿ ಫೋಟೋ ಇರುತ್ತೆ. ಅಷ್ಟೇ.

ಭಾವ: ಅಷ್ಟೇ ಅಂತ ನೀವಂತೀರ. ಇವನು ನಿಮಗೆ ಗೊತ್ತಿಲ್ಲ.

ಹಳೆಯ ಕಂಪ್ಯೂಟರ್ ಮಾರುವ ಅಂಗಡಿ ಅದು. ಮೇಜಿನ ಮೇಲೆ ಚಪ್ಪಟೆಯಾದ, ಉದ್ದನೆಯ ಸರ್ವರ್ ಒಂದು ಮುಚ್ಚಳ ಬಿಚ್ಚಿಸಿಕೊಂಡು ಮಲಗಿತ್ತು. ಯಾವುದೋ ಆಫೀಸಿನಲ್ಲಿ ದುಡಿದು ಹೊರಬಿದ್ದದ್ದು. ಮುಂಭಾಗದಲ್ಲಿ ಡಿಸ್ಕ್ ಕೂರಿಸಲು ನಾಲ್ಕು ಗೂಡು.

ಭಾವ, ಬಾಮೈದ ಸೇರಿ ಫೋಟೋ ಸ್ಟುಡಿಯೋ ನಡೆಸುತ್ತಾರೆ. ಪಾಲು ಅರ್ಧ ಅರ್ಧ. ಕೆಲಸ ಮಾಡುವವಳು ಒಬ್ಬಳು. ಭಾವನಿಗೆ ಅವಳು ಹೆಂಡತಿ, ಬಾಮೈದನಿಗೆ ಅಕ್ಕ. ಫೋಟೋ ತಿದ್ದುವುದು, ಆಲ್ಬಂ ಜೋಡಿಸುವುದು ಎಲ್ಲ ಅವಳದೇ.

ಹೋದ ತಿಂಗಳು ಸ್ಟುಡಿಯೋದ ಕಂಪ್ಯೂಟರಿನ ಡಿಸ್ಕ್ ಸತ್ತಿತು. ಒಂದು ಮದುವೆಯ ಫೋಟೋ ಪೂರ್ತಿ ಹೋಯಿತು. ಗಂಡುಹೆಣ್ಣನ್ನು ಕಾಡಿ ಬೇಡಿ, ಅದೇ ಬಟ್ಟೆ ಹಾಕಿಸಿ ಮತ್ತೆ ನಿಲ್ಲಿಸಿದರು. ಅಷ್ಟರಲ್ಲಿ ಗಂಡು ಮೀಸೆ ಬೋಳಿಸಿಬಿಟ್ಟಿದ್ದ. ಅಕ್ಕ ಒಂದೊಂದು ಫೋಟೋಗೂ ಕೂತು ಮೀಸೆ ಬರೆದಳು. ಕೊನೆಯ ಮೀಸೆ ಮುಗಿಸಿ ಎದ್ದವಳು, ಎರಡು ಡಿಸ್ಕಿನ ಮೆಷಿನ್ ಬರುವವರೆಗೆ ಆ ಕುರ್ಚಿಗೆ ನಾನಿಲ್ಲ ಎಂದಳು. ಅವಳಿಲ್ಲದಿದ್ದರೆ ಸ್ಟುಡಿಯೋ ಇಲ್ಲ. ಅಷ್ಟು ಮಾತ್ರ ಇಬ್ಬರಿಗೂ ಒಟ್ಟಿಗೆ ಅರ್ಥವಾಗಿತ್ತು.

ಈಗ ಅವಳು ಎದುರಿನ ಅಂಗಡಿಯಲ್ಲಿ ಆಲ್ಬಂ ಕಾಗದ ನೋಡುತ್ತಿದ್ದಳು. ಬರುವಷ್ಟರಲ್ಲಿ ಕಾರ್ಡ್ ಆರಿಸಿಡಿ ಎಂದು ಹೇಳಿ ಹೋಗಿದ್ದಳು.

ಅಂಗಡಿಯವ: ನೋಡಿ, ಮೂರು ದಾರಿ ಇದೆ. ಬೋರ್ಡಲ್ಲೇ ಮಿರರಿಂಗ್ ಇದೆ, ಅದು ಪುಕ್ಕಟೆ. ಇದು ಸಾದಾ ಕಾರ್ಡ್. ಇದು ಬ್ಯಾಟರಿ ಇರೋ ಕಾರ್ಡ್, ಬರೆಯೋವಾಗ ಕರೆಂಟ್ ಹೋದ್ರೂ ಎಲ್ಲಿಗೆ ಬಂದಿತ್ತು ಅಂತ ನೆನಪಿಟ್ಕೊಂಡಿರುತ್ತೆ.

ಬಾಮೈದ: ಪುಕ್ಕಟೇದು ಬೇಡ.

ಭಾವ: ಯಾಕಯ್ಯಾ ಬೇಡ? ಬಜೆಟ್ ಎಷ್ಟಿದೆ ಗೊತ್ತಿಲ್ವಾ?

ಬಾಮೈದ: ನಿಮ್ಮ ಸ್ನೇಹಿತ್ರು ಪುಕ್ಕಟೆ ಕೊಟ್ರಲ್ಲ ಲೈಟ್ ಸ್ಟ್ಯಾಂಡು, ಅದು ಏನಾಯ್ತು ಭಾವ?

ಭಾವ: ಸ್ಟ್ಯಾಂಡು ಚೆನ್ನಾಗೇ ಇತ್ತು. ಅದರ ಕೆಳಗೆ ನಿಂತಿದ್ದ ಗಿರಾಕಿ ಸರಿಯಿರ್ಲಿಲ್ಲ.

ಅಂಗಡಿಯವ: ಕಾರ್ಡ್ ಆಮೇಲೆ ನೋಡೋಣ. ಡಿಸ್ಕ್ ಕೂರೋದು ಇಲ್ಲಿ. ಈ ಗೂಡು, ಈ ಗೂಡು. ನಂಬರ್ ಬರೆದಿದೆ ನೋಡಿ.

ಭಾವ: ದೊಡ್ಡೋನು ನಾನು. ಒಂದನೇ ನಂಬರ್ ನನ್ನದು.

ಬಾಮೈದ: ಆಗ್ಲಿ ಭಾವ. ನಂಗೆ ಸೊನ್ನೆ ಸಾಕು.

ಭಾವ ತಿರುಗಿ ಅವನನ್ನು ಮೇಲಿನಿಂದ ಕೆಳಗೆ ನೋಡಿದ.

ಭಾವ: ಇಷ್ಟು ಬೇಗ ಒಪ್ಕೊಂಡ್ಯಲ್ಲ? ಸ್ವಾಮಿ, ಇದರಲ್ಲೇನೋ ಇದೆ. ನಿಜ ಹೇಳಿ.

ಅಂಗಡಿಯವ: ಏನಿಲ್ಲ. ಮೆಷಿನ್ನು ಎಣಿಸೋಕೆ ಶುರು ಮಾಡೋದು ಸೊನ್ನೆಯಿಂದ.

ಭಾವ: ನೋಡಿದ್ರಾ! ನೋಡಿದ್ರಾ ಇವನ್ನ! ಮುಖ ನೋಡಿ, ಎಷ್ಟು ಸಾಧು!

ಬಾಮೈದ: ಸೊನ್ನೆ ಅಂದ್ರೆ ನಿಮಗೆ ಖುಷಿಯಾಗುತ್ತೆ ಅಂದ್ಕೊಂಡೆ. ದಿನಾ ನನ್ನ ಅನ್ನೋದು ಅದನ್ನೇ ಅಲ್ವಾ?

ಅಂಗಡಿಯವ: ಯಾವ ಗೂಡಲ್ಲಿದ್ರೂ ಒಂದೇ ಸ್ವಾಮಿ. ಎರಡೂ ಮಾಡೋದು ಒಂದೇ ಕೆಲಸ.

ಭಾವ: ಇಬ್ಬರು ಒಂದೇ ಕೆಲಸ ಮಾಡಿದ್ರೆ ಅದರಲ್ಲಿ ಒಬ್ಬ ದಂಡ ಅಲ್ವಾ?

ಬಾಮೈದ: ಇದೇ ಮಾತು ನಾನಂದ್ರೆ ಇವರಿಗೆ ಕೋಪ ಬರುತ್ತೆ.

ಅಂಗಡಿಯವ: ದಂಡ ಅಲ್ಲ. ಒಂದು ಹೋದ್ರೂ ಇನ್ನೊಂದು ನಡೆಸ್ಕೊಂಡು ಹೋಗ್ಬೇಕಲ್ಲ.

ಭಾವ: ಮೊದ್ಲು ಹೋಗೋದು ಯಾವುದು?

ಅಂಗಡಿಯವ: ಅದನ್ನ ಹೇಳಕ್ಕಾಗಲ್ಲ.

ಭಾವ: ಉಳಿದಿದ್ದು, ಇನ್ಮೇಲೆ ಎಲ್ಲ ನಂದೇ ಅನ್ನುತ್ತಾ?

ಅಂಗಡಿಯವ: ಡಿಸ್ಕು ಏನೂ ಅನ್ನಲ್ಲ ಸ್ವಾಮಿ.

ಬಾಮೈದ: ಆ ಒಂದು ಗುಣ ಹಿಡಿಸ್ತು ನಂಗೆ.

ಬಾಮೈದ ಬಗ್ಗಿ, ಡಿಸ್ಕ್ ಕೂರುವ ಟ್ರೇಯ ಹಿಡಿಯನ್ನು ಬೆರಳಲ್ಲಿ ಮೀಟಿ ನೋಡಿದ. ಅದು ಟಕ್ಕೆಂದು ಹೊರಗೆ ಬಂತು.

ಬಾಮೈದ: ಇದನ್ನ ಮೆಷಿನ್ ಆಫ್ ಮಾಡದೇ ಎಳೀಬಹುದಾ?

ಅಂಗಡಿಯವನ ಮುಖ ಅರಳಿತು. ಈ ಅಂಗಡಿಗೆ ಬರುವವರು ಕಡಿಮೆ ಮಾಡ್ಕೊಡಿ ಎನ್ನುವುದು ಬಿಟ್ಟು ಬೇರೆ ಕೇಳಿದ್ದೇ ಅಪರೂಪ.

ಅಂಗಡಿಯವ: ಭಾರಿ ಪ್ರಶ್ನೆ ಕೇಳಿದ್ರಿ! ಎಳೀಬಹುದು. ಮೆಷಿನ್ ಪಾಡಿಗೆ ಮೆಷಿನ್ ನಡೀತಿರುತ್ತೆ.

ಭಾವ: ಹಿಡಿ ಗಟ್ಟಿ ಇದೆಯಾ? ಎಳೆದು ಎಳೆದು ಮುರಿದುಹೋದ್ರೆ?

ಅಂಗಡಿಯವ: ಮುರಿಯಲ್ಲ. ವರ್ಷಕ್ಕೊಂದು ಸಲ ಎಳೆದ್ರೆ ಹೆಚ್ಚು.

ಭಾವ: ದಿನಾ ಎಳೆದ್ರೆ?

ಅಂಗಡಿಯವ: ದಿನಾ ಯಾಕೆ ಸಾಯುತ್ತೆ ಡಿಸ್ಕು?

ಬಾಮೈದ: ಸಾಯೋದೇನೂ ಬೇಡ. ಚೆನ್ನಾಗಿರೋದನ್ನೇ ಎಳೆಯೋದು.

ಭಾವ: ಕೈಚೀಲದಲ್ಲಿ ಹಿಡಿಸುತ್ತಾ?

ಬಾಮೈದ: ಬೈಕಲ್ಲಿ ಕುಲುಕಿದ್ರೆ ಏನೂ ಆಗಲ್ಲ ತಾನೆ?

ಅಂಗಡಿಯವ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟ.

ಅಂಗಡಿಯವ: ಎಲ್ಲಿಗೆ ತಗೊಂಡು ಹೋಗ್ತೀರ?

ಇಬ್ಬರೂ: ಮನೆಗೆ.

ಅಂಗಡಿಯವ: ಯಾಕೆ?

ಭಾವ: ಸಂಜೆ ಬಾಗಿಲು ಹಾಕಿದ್ಮೇಲೆ ಅವನ ಅರ್ಧ ಅವನ ಮನೆಗೆ, ನನ್ನ ಅರ್ಧ ನನ್ನ ಮನೆಗೆ. ಅದಕ್ಕೇ ಅಲ್ವಾ ಎರಡು ಡಿಸ್ಕು?

ಬಾಮೈದ: ನಮ್ಮಲ್ಲಿ ಎಲ್ಲ ಹಾಗೇನೇ. ಸ್ಟುಡಿಯೋಗೆ ಎರಡು ಬೀಗ. ಒಂದರ ಕೀಲಿ ಇವರತ್ರ, ಒಂದರ ಕೀಲಿ ನನ್ನತ್ರ. ಕ್ಯಾಮೆರಾ ಇವರ ಮನೇಲಿ, ಲೆನ್ಸು ನಮ್ಮ ಮನೇಲಿ.

ಅಂಗಡಿಯವ: ಲೆನ್ಸಾ?

ಭಾವ: ಮತ್ತೆ? ಎರಡೂ ಇವನತ್ರ ಇದ್ರೆ ಹೊರಗಡೆ ಕೆಲಸ ಹಿಡ್ಕೊಂಡು ಹೋಗ್ತಾನೆ.

ಬಾಮೈದ: ಇವರತ್ರ ಇದ್ರೆ ಇವರು ಹೋಗ್ತಾರೆ. ಫೋಟೋ ಮಸುಕಾಗಿ ಬರುತ್ತೆ, ಹೆಸರು ಕೆಡೋದು ನಂದು.

ಅಂಗಡಿಯವ: ಒಬ್ಬರಿಗೆ ಜ್ವರ ಬಂದ್ರೆ?

ಭಾವ: ಅವತ್ತು ರಜ.

ಅಂಗಡಿಯವ ಸ್ಟೂಲ್ ಎಳೆದುಕೊಂಡು ಕೂತ.

ಅಂಗಡಿಯವ: ಸ್ವಾಮಿ, ಕೇಳಿ. ಒಂದು ಡಿಸ್ಕ್ ಎಳೆದ ತಕ್ಷಣ ಅದು ಸತ್ತಿದೆ ಅಂತ ಕಾರ್ಡ್ ಲೆಕ್ಕಕ್ಕೆ ತಗೊಳುತ್ತೆ. ಬೆಳಿಗ್ಗೆ ವಾಪಸ್ ಹಾಕಿದ್ರೆ, ಇದು ಹಳೇದಾಗಿದೆ ಅಂತ, ಇನ್ನೊಂದರಲ್ಲಿರೋದನ್ನ ಪೂರ್ತಿ ಇದಕ್ಕೆ ಬರೆಯುತ್ತೆ. ಸಂಜೆತನಕ ಅದೇ ಕೆಲಸ. ಆ ಹೊತ್ತಲ್ಲಿ ಒಳ್ಳೇ ಡಿಸ್ಕ್ ಕೆಟ್ರೆ ಎರಡೂ ಹೋದಂಗೆ.

ಬಾಮೈದ: ಯಾರದನ್ನ ನೋಡಿ ಯಾರದಕ್ಕೆ ಬರೆಯುತ್ತೆ?

ಅಂಗಡಿಯವ: ಆಮೇಲೆ ಎಳೆದಿದ್ದನ್ನ ನೋಡಿ, ಮೊದ್ಲು ಎಳೆದಿದ್ದಕ್ಕೆ.

ಭಾವ: ಹಾಗಾದ್ರೆ ಆಮೇಲೆ ಎಳೆಯೋನು ನಾನು.

ಬಾಮೈದ: ಇಲ್ಲ ಭಾವ. ನೀವು ದೊಡ್ಡೋರು, ಮೊದ್ಲು ನೀವು ಎಳೀರಿ.

ಭಾವ: ಈಗ ಬಂತಾ ದೊಡ್ಡೋನು ಅಂತ ನೆನಪು? ನೀನು ಎಳೆಯೋವರೆಗೂ ನಾನು ಜಾಗ ಬಿಟ್ಟು ಏಳಲ್ಲ.

ಬಾಮೈದ: ನಾನೂ ಏಳಲ್ಲ.

ಅಂಗಡಿಯವ: ಇಬ್ಬರೂ ಅಲ್ಲೇ ಇರ್ತೀರ ಅಂದ್ಮೇಲೆ ಎಳೆಯೋದು ಯಾಕೆ?

ಬಾಮೈದ: ನೀವು ಸುಮ್ನಿರಿ, ಇದು ಮನೆ ವಿಷಯ. ಆ ಬ್ಯಾಟರಿ ಕಾರ್ಡ್ ಎಲ್ಲ ನೆನಪಿಟ್ಕೊಂಡಿರುತ್ತೆ ಅಂದ್ರಲ್ಲ. ಯಾರದು ಸರಿ ಅಂತ ಅದು ತೀರ್ಮಾನ ಮಾಡಲ್ವಾ?

ಅಂಗಡಿಯವ ಎದ್ದು ನಿಂತ. ಬ್ಯಾಟರಿ ಕಾರ್ಡ್ ಎಲ್ಲಕ್ಕಿಂತ ದುಬಾರಿ. ಬಹಳ ದಿನದಿಂದ ಧೂಳು ತಿನ್ನುತ್ತಿತ್ತು.

ಅಂಗಡಿಯವ: ಮಾಡಲ್ಲ ಅಂತ ಹೇಗೆ ಹೇಳಲಿ? ತುಂಬಾ ಅನುಭವ ಇರೋ ಕಾರ್ಡು.

ಭಾವ: ನ್ಯಾಯವಾಗಿ ಹೇಳುತ್ತಾ?

ಅಂಗಡಿಯವ: ಅದಕ್ಕೆ ನೀವಿಬ್ಬರೂ ನೆಂಟರಲ್ವಲ್ಲ.

ಭಾವ: ಹಾಗಾದ್ರೆ ಅದನ್ನೇ ಕಟ್ಟಿ.

ಅಷ್ಟರಲ್ಲಿ ಅಕ್ಕ ಕಾಗದದ ಸುರುಳಿ ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದಳು. ಗಂಡನ ಮುಖ ನೋಡಿದಳು, ತಮ್ಮನ ಮುಖ ನೋಡಿದಳು, ಆಮೇಲೆ ಅಂಗಡಿಯವನ ಮುಖ ನೋಡಿದಳು. ಮೂರನೆಯದರಲ್ಲಿ ಮಾತ್ರ ಸಂತೋಷ ಇತ್ತು.

ಅಕ್ಕ: ಯಾವುದು ತಗೊಂಡ್ರಿ?

ಭಾವ: ನ್ಯಾಯ ಹೇಳೋ ಕಾರ್ಡು ಕಣೇ.

ಅಕ್ಕ: ನಂಗೆ ನ್ಯಾಯ ಬೇಡ, ಫೋಟೋ ಬೇಕು. ಅಣ್ಣಾ, ಈ ಬ್ಯಾಟರಿ ಇಲ್ಲದಿದ್ರೆ ಏನಾಗುತ್ತೆ?

ಅಂಗಡಿಯವ: ಅಯ್ಯೋ, ಸಾದಾ ಕಾರ್ಡ್ ತಗೊಂಡೋರ ಕಥೆ ಮಾತ್ರ ಕೇಳಬೇಡಿ ಅಮ್ಮ.

ಅಕ್ಕ: ಹೇಳಿ, ಕೇಳ್ತೀನಿ.

ಅಂಗಡಿಯವ: ತುಂಬಾ ಜನ ತಗೊಂಡು ಹೋದ್ರು.

ಅಕ್ಕ: ಆಮೇಲೆ?

ಅಂಗಡಿಯವ: ಆಮೇಲೆ... ವಾಪಸ್ ಬರ್ಲಿಲ್ಲ.

ಅಕ್ಕ: ಅಂದ್ರೆ ಕೆಟ್ಟಿಲ್ಲ. ಅದನ್ನೇ ಕೊಡಿ. ಕರೆಂಟ್ ಹೋದ್ರೆ ನಮ್ಮಲ್ಲಿ ಯುಪಿಎಸ್ ಇದೆ. ಇನ್ನೊಂದು ಕೇಳ್ತೀನಿ. ನಾನೇ ಕೈ ತಪ್ಪಿ ಒಂದು ಫೋಟೋ ಅಳಿಸಿಬಿಟ್ರೆ ಎರಡನೇ ಡಿಸ್ಕಲ್ಲಿ ಇರುತ್ತಾ?

ಅಂಗಡಿಯವ ಬ್ಯಾಟರಿ ಕಾರ್ಡನ್ನು ಎತ್ತಿ ಪಕ್ಕಕ್ಕಿಟ್ಟ.

ಅಂಗಡಿಯವ: ಇರಲ್ಲ ಅಮ್ಮ. ಒಂದರಲ್ಲಿ ಅಳಿಸಿದ್ರೆ ಅದರಲ್ಲೂ ಅಳಿಯುತ್ತೆ. ತಪ್ಪು ಮಾಡೋದ್ರಲ್ಲೂ ಎರಡೂ ಒಟ್ಟಿಗೇ.

ಅಕ್ಕ: ಹಾಗಾದ್ರೆ ಬ್ಯಾಟರಿಗೆ ಹಾಕ್ಬೇಕಿದ್ದ ದುಡ್ಡಲ್ಲಿ ಹೊರಗಡೆ ಚುಚ್ಚೋ ಡಿಸ್ಕ್ ಒಂದು ಕೊಡಿ. ವಾರಕ್ಕೊಂದು ಸಲ ಎಲ್ಲ ಅದಕ್ಕೆ ಹಾಕಿ ನಾನು ಬೇರೆ ಇಡ್ತೀನಿ.

ಬಾಮೈದ: ಅಕ್ಕ, ಅದೆಲ್ಲ ಸರಿ. ನಮ್ಮಿಬ್ಬರ ಡಿಸ್ಕು ಸಂಜೆ ಮನೆಗೆ ಬರಲ್ಲ ಅಂತಿದ್ದಾರೆ ಇವರು.

ಅಕ್ಕ: ಯಾರ ಮನೆಗೆ?

ಭಾವ: ಅವನದು ಅವನ ಮನೆಗೆ, ನಂದು...

ಅವಳು ಕಾಗದದ ಸುರುಳಿಯನ್ನು ಮೇಜಿನ ಮೇಲಿಟ್ಟಳು. ಮದುಮಗನ ಮೀಸೆಗಳೆಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು. ಆದರೂ ಧ್ವನಿ ಏರಿಸಲಿಲ್ಲ.

ಅಕ್ಕ: ದಿನಾ ಎಳೀಲೇಬೇಕಾ ರೀ?

ಭಾವ: ಇವನು ಎಳೀದಿದ್ರೆ ನಾನೂ ಎಳೆಯಲ್ಲ.

ಬಾಮೈದ: ಇವರು ಎಳೀದಿದ್ರೆ ನಾನೂ ಎಳೆಯಲ್ಲ.

ಅಕ್ಕ: ಅಂದ್ರೆ ಇಬ್ಬರೂ ಎಳೀತೀರ. ಆಯ್ತು ಬಿಡಿ, ಮನೆಗೆ ತಗೊಂಡು ಹೋಗೋ ಏರ್ಪಾಡು ನಾನು ಮಾಡಿಸ್ತೀನಿ. ಇದು ಭಾರ ಇದೆ, ಹೋಗಿ ಒಂದು ಗಾಡಿ ಕರ್ಕೊಂಡು ಬನ್ನಿ.

ಭಾವ: ನಾನು ಹೋಗಿ ಬಾಡಿಗೆ ಮಾತಾಡಿ ಬರ್ತೀನಿ.

ಬಾಮೈದ: ನೀವೊಬ್ಬರೇ ಯಾಕೆ ಮಾತಾಡ್ತೀರ? ನಾನೂ ಬರ್ತೀನಿ.

ಇಬ್ಬರೂ ಒಂದೇ ಸಲ ಬಾಗಿಲಿಗೆ ಹೋಗಿ, ಭುಜಕ್ಕೆ ಭುಜ ತಾಕಿಸಿಕೊಂಡು ಹೊರಗೆ ಹೋದರು. ಅಕ್ಕ ಸರ್ವರಿನ ಮುಂದೆ ಬಗ್ಗಿದಳು.

ಅಕ್ಕ: ಡಿಸ್ಕು ಎರಡೇ ಅಂದ್ರಿ. ಇಲ್ಲಿ ನಾಲ್ಕು ಟ್ರೇ ಇದೆಯಲ್ಲ?

ಅಂಗಡಿಯವ: ಈ ಎರಡು ಖಾಲಿ ಅಮ್ಮ. ಗೂಡಿಗೆ ಧೂಳು ಹೋಗ್ದಿರ್ಲಿ ಅಂತ ಹಾಕಿರೋದು. ಮುಂದಿನಿಂದ ನೋಡೋಕೆ ಎಲ್ಲ ಒಂದೇ ಥರ, ಒಳಗೇನಿಲ್ಲ. ಸುತ್ತ ತಗಡು ಮುಚ್ಚಿದೆ.

ಅಕ್ಕ: ಎಳೆದ್ರೆ ಬರುತ್ತಾ?

ಅಂಗಡಿಯವ: ಆರಾಮಾಗಿ ಬರುತ್ತೆ.

ಅಕ್ಕ: ಎಳೆದ್ರೆ ಮೆಷಿನ್ನಿಗೆ ತೊಂದರೆ?

ಅಂಗಡಿಯವ: ಅದಕ್ಕೆ ಗೊತ್ತೇ ಆಗಲ್ಲ.

ಅಕ್ಕ: ನಿಜವಾದ ಡಿಸ್ಕ್ ಎರಡನ್ನೂ ಆ ಮೂಲೇಲಿ ಹಾಕಿ ಸ್ಕ್ರೂ ಬಿಗಿದುಬಿಡಿ. ಖಾಲಿ ಇರೋ ಎರಡನ್ನ ಈ ಕಡೆ ಹಾಕಿ. ಒಂದರ ಮೇಲೆ ಭಾವ ಅಂತ, ಒಂದರ ಮೇಲೆ ಬಾಮೈದ ಅಂತ ಚೀಟಿ ಅಂಟಿಸಿ.

ಅಂಗಡಿಯವ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡ. ಇಡೀ ಬೆಳಿಗ್ಗೆ ಅಷ್ಟು ಹುರುಪಿನಿಂದ ಅವನು ಕೆಲಸ ಮಾಡಿರಲಿಲ್ಲ.

ಅಂಗಡಿಯವ: ಖಾಲಿ ಟ್ರೇಯ ದೀಪ ಉರಿಯಲ್ಲವಲ್ಲ ಅಮ್ಮ, ಯಾಕೆ ಅಂತ ಅವರು ಕೇಳಿದ್ರೆ?

ಅಕ್ಕ: ಡಿಸ್ಕ್ ಕೆಟ್ರೆ ಕೆಂಪು ದೀಪ ಉರಿಯುತ್ತೆ ತಾನೆ? ಇವರಿಬ್ಬರದಕ್ಕೆ ಯಾವತ್ತೂ ಉರಿಯಲ್ಲ. ಅದಕ್ಕಿಂತ ಒಳ್ಳೆ ಡಿಸ್ಕ್ ಎಲ್ಲಿ ಸಿಗುತ್ತೆ?

ಭಾವ, ಬಾಮೈದ ವಾಪಸ್ ಬಂದರು. ಗಾಡಿಯವನು ಹೊರಗೆ ಹಾರ್ನ್ ಹೊಡೆಯುತ್ತಿದ್ದ. ಅಕ್ಕ ಎರಡೂ ಟ್ರೇ ಎಳೆದು ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟಳು. ಭಾವ ಹೆಗಲ ಮೇಲಿನ ಟವೆಲ್ ತೆಗೆದು, ಮಗುವನ್ನು ಸುತ್ತುವ ಹಾಗೆ ಸುತ್ತಿದ. ಬಾಮೈದ ಅಂಗಿಯ ಒಳಗಿಟ್ಟುಕೊಂಡು ಗುಂಡಿ ಹಾಕಿದ.

ಬಾಮೈದ: ಅಕ್ಕ, ಇವರದರಲ್ಲಿ ಹೆಚ್ಚು, ನಂದರಲ್ಲಿ ಕಮ್ಮಿ ಅಂತೇನೂ ಇಲ್ಲ ತಾನೆ?

ಅಕ್ಕ: ಎರಡರಲ್ಲೂ ಇರೋದು ಒಂದೇ ಕಣೋ. ಆಣೆ ಮಾಡಿ ಹೇಳ್ತೀನಿ.

ಭಾವ: ಮೊದ್ಲು ಯಾರು ಎಳೆದ್ರೂ ನಡೆಯುತ್ತಾ?

ಅಕ್ಕ: ನಡೆಯುತ್ತೆ ರೀ. ಹುಷಾರು, ಮೆಟ್ಟಿಲಿದೆ.

ಇಬ್ಬರೂ ಹೆಜ್ಜೆ ನೋಡಿ ನೋಡಿ ಇಳಿದು ಗಾಡಿ ಹತ್ತಿದರು. ಸರ್ವರನ್ನು ಎತ್ತಲು ಯಾರೂ ಉಳಿಯಲಿಲ್ಲ. ಅಕ್ಕ ಒಂದು ಕಡೆ, ಅಂಗಡಿಯವ ಒಂದು ಕಡೆ ಹಿಡಿದು ಬಾಗಿಲವರೆಗೆ ತಂದರು. ಅಲ್ಲಿ ಅಂಗಡಿಯವನಿಗೆ ತಡೆಯಲಾಗಲಿಲ್ಲ.

ಅಂಗಡಿಯವ: ಅಮ್ಮ, ಆ ಖಾಲಿ ಟ್ರೇ ತೀರಾ ಹಗುರ. ಇವತ್ತಲ್ಲ ನಾಳೆ ಕೈಯಲ್ಲಿ ಹಿಡಿದಾಗ ಭಾರ ಕಮ್ಮಿ ಅಂತ ಗೊತ್ತಾಗಲ್ವಾ?

ಅಕ್ಕ: ಭಾರ ಹೇಗಿರುತ್ತೆ ಅಂತ ಅವರಿಬ್ಬರಲ್ಲಿ ಯಾರಿಗೆ ಗೊತ್ತಣ್ಣ? ನೀವು ಆ ಕಡೆ ಸ್ವಲ್ಪ ಎತ್ತಿ.